ನಿಂತಲ್ಲಿ ನಿಲ್ಲದ ರೈಫಾರ್ಟ್

ಮೆಲ್ಕಿಯೋರ್ ರೈಫಾರ್ಟರು ಬೀದಿಯ ತಿರುವಿನಲ್ಲಿ ಕಾಣಿಸಿಕೊಳ್ಳುವಾಗ ಮೊದಲು ಅವರ ಹಣೆ ಬರುತ್ತಿತ್ತು, ಅದರ ಹಿಂದೆ ಎದೆ, ಇವೆರಡೂ ಅರ್ಧ ದಾರಿ ಸವೆಸಿದ ಮೇಲೆ ಕಾಲುಗಳು ಅವಸರವಸರವಾಗಿ ಹಿಂಬಾಲಿಸುತ್ತಿದ್ದವು. ವೀಸೆನ್‌ರೋಡಿನ ಅರಮನೆಯ ವಾದ್ಯಮೇಳಕ್ಕೆ ಇಪ್ಪತ್ತೆರಡು ವರ್ಷ ಯಜಮಾನರಾಗಿದ್ದ ಆ ಮನುಷ್ಯ ಒಂದು ಕುರ್ಚಿಯಲ್ಲಿ ಕಾಲು ಗಂಟೆ ಪೂರ್ತಿ ಕುಳಿತದ್ದನ್ನು ನಾನು ಕಂಡವನಲ್ಲ. ಪಾದ್ರಿಗಳ ಪ್ರವಚನ ಆರಂಭವಾದೊಡನೆ ಆರ್ಗನ್ನಿನ ಪೀಠದಿಂದಿಳಿದು ಗೋಪುರದ ಮೆಟ್ಟಿಲು ಹತ್ತುವರು. ಊಟಕ್ಕೆ ಕರೆದವರ ಮನೆಯಲ್ಲಿ ಸೂಪಿಗೂ ಮೀನಿಗೂ ನಡುವೆ ಎದ್ದು ಕಿಟಕಿಯ ಬಳಿ ನಿಲ್ಲುವರು. ನಿಂತಾಗಲೂ ಅವರ ಎಡಗೈ ಜೇಬಿನೊಳಗೆ ಯಾವುದೋ ಕಾಣದ ವಾದ್ಯದ ಸ್ವರದ ಮನೆಗಳನ್ನು ಒತ್ತುತ್ತ ಕೋಟಿನ ಒಳಬಟ್ಟೆಯನ್ನು ಸವೆಸುತ್ತಿರುವುದು. ಬಲಗೈಯ ಪಾಲಿಗೆ ಕೋಟಿನ ಮೂರನೆಯ ಗುಂಡಿ. ಮಾತಾಡುವಾಗ ಅದನ್ನು ತಿರುಚಿ ತಿರುಚಿ ಕಿತ್ತೇ ಬಿಡುತ್ತಿದ್ದರಾದ್ದರಿಂದ ಅವರ ಹೆಂಡತಿ ಸಿಬಿಲ್ಲಮ್ಮ ಆ ಒಂದು ಗುಂಡಿಯನ್ನು ಮಾತ್ರ ಚಮ್ಮಾರರ ಮೇಣದ ದಾರದಲ್ಲಿ ಹೊಲಿದಿದ್ದರು. ಆಮೇಲೆ ಗುಂಡಿ ಉಳಿಯಿತು, ಬಟ್ಟೆ ಹರಿಯಿತು.

ನಾನು ಆ ಮೇಳದಲ್ಲಿ ಪಿಟೀಲಿಗಿಂತ ತುಸು ಮಂದ್ರದ ವಿಯೋಲಾ ನುಡಿಸುತ್ತಿದ್ದೆ. ಜೊತೆಗೆ ಸ್ವರಲಿಪಿಯನ್ನು ನಕಲು ಮಾಡಿ ಒಬ್ಬೊಬ್ಬ ವಾದಕನಿಗೆ ಬೇಕಾದ ಹಾಳೆಗಳನ್ನು ಸಿದ್ಧಗೊಳಿಸುವ ಕೆಲಸವೂ ನನ್ನದೇ. ರೈಫಾರ್ಟರ ಕೈಕೆಳಗೆ ನಕಲುಗಾರನಾಗಿರುವುದೆಂದರೆ ಹರಿಯುವ ನೀರಿಗೆ ಅಂಗಿ ಹೊಲಿದಂತೆ. ಮಸಿ ಆರಿದ ಹಾಳೆಯ ಮೇಲೂ ಅವರ ಸಣ್ಣ ಚಾಕು ಓಡಾಡುತ್ತಿತ್ತು: ಒಂದು ಸ್ವರವನ್ನು ಕೆರೆದು ತೆಗೆದು ಅದರ ಪಕ್ಕದ್ದನ್ನು ಬರೆಯುವುದು, ಮರುದಿನ ಅದನ್ನೂ ಕೆರೆದು ಮೊದಲಿನದನ್ನೇ ಬರೆಯುವುದು. ಹಾಳೆ ತೂತಾದರೆ ಹಿಂದಿನಿಂದ ತೇಪೆ ಹಾಕುವುದು.

"ಯಜಮಾನರೇ, ಇದು ಮುಗೀತಲ್ಲ?" ಎಂದು ಕೇಳಿದರೆ, "ಇಲ್ಲ, ಇಲ್ಲ... ಅಂದ್ರೆ ಹೌದು," ಎನ್ನುವರು. ಅವರ ಎಲ್ಲ ಉತ್ತರಗಳೂ ಹಾಗೆಯೇ ಇಲ್ಲದಿಂದ ಹೊರಟು ಹೌದನ್ನು ಮುಟ್ಟುತ್ತಿದ್ದವು. ಕೆಲವೊಮ್ಮೆ ಮುಟ್ಟಿ, ಮತ್ತೆ ಹೊರಟ ಜಾಗಕ್ಕೇ ಮರಳುತ್ತಿದ್ದವು.

ಬೇರೆ ಊರುಗಳಲ್ಲಿ ಆರ್ಗನ್ ವಾದಕನ ಸ್ಥಾನ ಖಾಲಿಯಾಯಿತೆಂಬ ಸುದ್ದಿ ಕಿವಿಗೆ ಬಿದ್ದರೆ ಸಾಕು, ಬೂಟಿಗೆ ಕೊಬ್ಬು ಸವರಿ ಹೊರಟೇಬಿಡುತ್ತಿದ್ದರು. ಹನ್ನೊಂದು ಊರುಗಳಿಗೆ ಹೋಗಿ ಪರೀಕ್ಷೆಗೆ ನುಡಿಸಿ ಬಂದಿದ್ದರೆಂಬುದು ಸಿಬಿಲ್ಲಮ್ಮನವರ ಲೆಕ್ಕ. ಎರಡು ಊರಿನವರು ಅವರನ್ನೇ ಆರಿಸಿದ್ದರು. ಆರಿಸಿದ ಕೂಡಲೇ ಇವರಿಗೆ ಆ ಊರು ಬೇಡವಾಗಿತ್ತು.

ಅವರ ಸಂಗೀತವೂ ಅವರಂತೆಯೇ ನಿಲ್ಲಲರಿಯದ್ದು. ಆಲ್ಟೆನ್‌ಬುರ್ಗಿನಲ್ಲಿ ಹಳೆಯ ಗುರುವೊಬ್ಬರಿಂದ ಕಲಿತ ವಿದ್ಯೆ ಅದು. ಒಂದು ಧ್ವನಿ ಮಾತೊಂದನ್ನು ಆಡುತ್ತದೆ. ಅದು ಮುಗಿಯುವ ಮೊದಲೇ ಎರಡನೆಯದು ಅದೇ ಮಾತನ್ನು ಎತ್ತಿಕೊಳ್ಳುತ್ತದೆ. ಮೂರನೆಯದು ಅದನ್ನು ತಲೆಕೆಳಗು ಮಾಡುತ್ತದೆ. ನಾಲ್ಕನೆಯದು ಮಂದ್ರದಲ್ಲಿ ಸಾವಕಾಶವಾಗಿ ಬಂದು ಮೂವರನ್ನೂ ಹೆಗಲ ಮೇಲೆ ಹೊರುತ್ತದೆ. ಫ್ಯೂಗ್ ಎಂದು ಅದರ ಹೆಸರು, ಓಟವೆಂದೇ ಅದರ ಅರ್ಥ. ಒಳಗಿನ ಧ್ವನಿಯಾದ ನನ್ನ ವಿಯೋಲಾಕ್ಕೆ ಕೂಡ ರೈಫಾರ್ಟರು ಹೇಳಲೊಂದು ಮಾತು ಕೊಡುತ್ತಿದ್ದರು. ಹಾಗೆ ಕೊಟ್ಟವರು ನನ್ನ ಜೀವಮಾನದಲ್ಲಿ ಅವರೊಬ್ಬರೇ ಎಂಬುದನ್ನು ಈಗ ನೆನೆದರೆ, ಮುಂದೆ ನಾನು ಮಾಡಿದ್ದು ಇನ್ನಷ್ಟು ಭಾರವಾಗುತ್ತದೆ.

ಹಳೆಯ ದೊರೆಗಳು ತೀರಿಕೊಂಡು ಅವರ ಮಗ ಪಟ್ಟಕ್ಕೆ ಬಂದದ್ದು ಏಳು ವರ್ಷದ ಯುದ್ಧ ಮುಗಿದ ಮರುವರ್ಷ. ಹೊಸ ದೊರೆಗಳು ಮಾನ್‌ಹೈಮ್‌ನಲ್ಲಿ ಎರಡು ಚಳಿಗಾಲ ಕಳೆದಿದ್ದರು. ಅಲ್ಲಿನ ಮೇಳ ಪಿಸುಮಾತಿನಿಂದ ಸಿಡಿಲಿನವರೆಗೆ ಒಂದೇ ಉಸಿರಿನಲ್ಲಿ ಏರುವುದನ್ನು ಕೇಳಿ, ಜನ ಗೊತ್ತಿಲ್ಲದೆ ಆಸನ ಬಿಟ್ಟೇಳುವುದನ್ನು ನೋಡಿ ಬಂದಿದ್ದವರು. ಪಟ್ಟವೇರಿದ ಮೊದಲ ಭಾನುವಾರ ರೈಫಾರ್ಟರ ದೊಡ್ಡ ಗಾಯನಕೃತಿಯನ್ನು ಕೇಳಿ, ತೀರ ಸೌಜನ್ಯದಿಂದಲೇ ಅವರು ನುಡಿದರು: "ರೈಫಾರ್ಟರೇ, ನಿಮ್ಮ ಸಂಗೀತದಲ್ಲಿ ಎಲ್ಲರೂ ಒಟ್ಟಿಗೇ ಮಾತಾಡ್ತಾರೆ. ನಾನು ಯಾರ ಮಾತು ಕೇಳ್ಲಿ?"

ಪಕ್ಕದಲ್ಲಿದ್ದ ಅರಮನೆಯ ಮೇಲ್ವಿಚಾರಕ ಫೊನ್ ಟ್ರುಟ್ಸ್ ನಶ್ಯದ ಡಬ್ಬಿ ಮುಚ್ಚುತ್ತ ಸೇರಿಸಿದ: "ನಮ್ಮ ಸೋದರತ್ತೆಯರು ತಿಥಿ ಊಟಕ್ಕೆ ಸೇರಿದ ಹಾಗಿತ್ತು, ಪ್ರಭುಗಳೇ."

ಎಲ್ಲರೂ ನಕ್ಕರು. ರೈಫಾರ್ಟರೂ ನಕ್ಕರು, ಆದರೆ ಆವತ್ತು ಮೇಣದ ದಾರವೂ ತಡೆಯದೆ ಗುಂಡಿ ಅವರ ಕೈಗೇ ಬಂದಿತು.

ಅಲ್ಲಿಂದಾಚೆ ಮಾನ್‌ಹೈಮ್‌ನಿಂದ ಬಂದ ಹೊಸ ಸಿಂಫನಿಗಳ ನಕಲು ನನ್ನ ಪಾಲಿಗೆ ಬಂದಿತು. ಮೇಲೆ ಒಂದು ಇಂಪಾದ ರಾಗ, ಕೆಳಗೆ ಕುದುರೆಯ ಹೆಜ್ಜೆಯಂತೆ ಒಂದೇ ಸ್ವರದ ಬಡಿತ, ನಡುವೆ ನಮ್ಮಂಥವರಿಗೆ ಹೇಳಲು ಏನೂ ಇಲ್ಲ. ರೈಫಾರ್ಟರು ಆ ಹಾಳೆಗಳನ್ನು ಎರಡು ಬೆರಳಿನಿಂದ ಹಿಡಿದೆತ್ತಿ, "ಇದು ಸಂಗೀತ ಅಲ್ಲಯ್ಯ ಟೊಬಿಯಾಸ್, ಸಂಗೀತ ಹಾಕ್ಕೊಳೋ ಅಂಗಿ. ಒಳಗೆ ಮನುಷ್ಯನೇ ಇಲ್ಲ," ಎಂದರು. ಆದರೆ ಆ ವಾರ ಅವರ ಮನೆಗೆ ಹಾಳೆ ಕೊಡಲು ಹೋದಾಗ ಬಾಗಿಲ ಹೊರಗೇ ನಿಂತುಬಿಟ್ಟೆ. ಒಳಗೆ ಹಾರ್ಪ್ಸಿಕಾರ್ಡಿನ ಮನೆಗಳ ಮೇಲೆ ಅದೇ ಹೊಸ ಧಾಟಿಯ ಎಂಟು ಸಾಲುಗಳು ಮತ್ತೆ ಮತ್ತೆ, ಪರಕೀಯ ಭಾಷೆಯ ಪದವನ್ನು ನಾಲಗೆ ತಿರುಗಿಸಿ ಕಲಿಯುವವನಂತೆ, ನಿಧಾನವಾಗಿ ಕೇಳುತ್ತಿದ್ದವು. ಸಿಬಿಲ್ಲಮ್ಮ ಬಾಗಿಲು ತೆರೆದು ತುಟಿಯ ಮೇಲೆ ಬೆರಳಿಟ್ಟರು.

"ಮೂರು ದಿನದಿಂದ ಹೀಗೇ. ಬೈಯೋದು, ನುಡಿಸೋದು, ಮತ್ತೆ ಬೈಯೋದು. ಊಟಕ್ಕೆ ಕರೆದ್ರೆ ಸೂಪಿನ ತಟ್ಟೆ ಹಿಡ್ಕೊಂಡು ಮನೆ ತುಂಬ ಸುತ್ತಾಡ್ತಾರೆ."

ಇದಾದ ಎರಡು ತಿಂಗಳಿಗೆ ಅವರು ನನಗೊಂದು ಕಟ್ಟು ತಂದುಕೊಟ್ಟರು. ಮೇಲೆ ಹೆಸರಿತ್ತು: ಆಂಜೆಲೋ ಬೆಲ್‌ಕಾಂಪೊ, ವಿಚೆಂಝಾ ನಗರ. ಗೆಳೆಯರೊಬ್ಬರು ಇಟಲಿಯಿಂದ ಅಂಚೆಯ ಗಾಡಿಯಲ್ಲಿ ಕಳಿಸಿದ ಸಿಂಫನಿಯಂತೆ. ಮೂಲ ಪ್ರತಿ ಮಳೆಗೆ ನೆನೆದಿದ್ದರಿಂದ ತಾವೇ ಶುದ್ಧ ಪ್ರತಿ ಮಾಡಿದ್ದಂತೆ. ನಾನು ಹಾಳೆಯನ್ನು ಬೆಳಕಿಗೆ ಹಿಡಿದೆ. ಒಂದೊಂದು ಪುಟದಲ್ಲೂ ಚಾಕು ಕೆರೆದ ಜಾಗಗಳು ಹುಣ್ಣು ಮಾದ ಚರ್ಮದಂತೆ ತೆಳ್ಳಗೆ ಹೊಳೆದವು. ಬೇರೊಬ್ಬನ ಕೃತಿಯನ್ನು ಪ್ರತಿ ಮಾಡುವವನು ಒಂದೇ ಸ್ವರವನ್ನು ಐದು ಸಲ ಬದಲಿಸುವುದಿಲ್ಲ.

"ಯಜಮಾನರೇ, ಈ ಬೆಲ್‌ಕಾಂಪೊ ಯಾರು?"

"ನೀನು ಬರಿ ನಕಲು ಮಾಡಯ್ಯ. ಯೋಚನೆ ಮಾಡೋ ಕೆಲಸ ನಿಂದಲ್ಲ," ಎಂದು ಕಿಟಕಿಯತ್ತ ಹೋದರು, ಅಲ್ಲಿಂದ ಒಲೆಯತ್ತ, ಒಲೆಯಿಂದ ನನ್ನತ್ತ. ಕೊನೆಗೆ ತಡೆಯಲಾರದೆ ಬಗ್ಗಿ ಪಿಸುಗುಟ್ಟಿದರು: "ಒಂದು ತಮಾಷೆ. ದೊರೆಗಳು ಹೊಗಳ್ಳಿ. ಹೊಗಳಿದ ಮೇಲೆ ಎದ್ದು ನಿಂತು, ಇದನ್ನ ಎಡಗೈಲಿ ಬರೆದೆ ಅಂತೀನಿ. ಆಗ ಆ ನಶ್ಯದ ಡಬ್ಬಿ ಮುಖ ನೋಡ್ಬೇಕು."

ಕನ್ನಡಿಗಳ ದೊಡ್ಡ ಹಜಾರದಲ್ಲಿ ಒಂದು ಮಧ್ಯಾಹ್ನ ಆ ಸಿಂಫನಿಯನ್ನು ನುಡಿಸಿದೆವು. ಮೊದಲ ಭಾಗ ನಿಜಕ್ಕೂ ಅಣಕವೇ: ರಾಗ ಮೇಜವಾನಿಯ ನಗೆಯಂತೆ ಹಲ್ಲು ತೋರುತ್ತಿತ್ತು, ಮೇಳ ಕಾರಣವಿಲ್ಲದೆ ಉಬ್ಬುತ್ತಿತ್ತು, ತಗ್ಗುತ್ತಿತ್ತು. ಎರಡನೆಯದು ನಿಧಾನಗತಿಯ ಭಾಗ. ಪಿಟೀಲುಗಳು ನಾದ ತಗ್ಗಿಸುವ ಮರದ ಪುಟ್ಟ ಚಿಮಟಿಯನ್ನು ತಂತಿಗೆ ತೊಡಿಸಿಕೊಂಡು, ಯಾವ ಅಲಂಕಾರವೂ ಇಲ್ಲದ ಒಂದು ರಾಗವನ್ನು ಹಿಡಿದವು. ಯಾರೋ ಬಾಗಿಲವರೆಗೆ ಬಂದು, ತಟ್ಟಲೋ ಬೇಡವೋ ಎಂದು ನಿಂತು, ತಟ್ಟದೆ ಹಿಂದಿರುಗಿದಂಥ ರಾಗ. ದೊರೆಗಳ ಕಣ್ಣು ತೇವವಾಯಿತು. ಫೊನ್ ಟ್ರುಟ್ಸ್ ನಶ್ಯ ಮರೆತ. ನಾನು ಹಾರ್ಪ್ಸಿಕಾರ್ಡಿನ ಮುಂದಿದ್ದ ರೈಫಾರ್ಟರತ್ತ ನೋಡಿದೆ. ಅವರು ಬಿಳಿಚಿಕೊಂಡಿದ್ದರು.

ಚಪ್ಪಾಳೆ ಮುಗಿಯಿತು. ಅವರು ಎದ್ದು ನಿಲ್ಲಬೇಕಾದ ಗಳಿಗೆ ಬಂದಿತು, ಹೋಯಿತು. ಹೊರಗೆ ಲಿಂಡನ್ ಮರಗಳ ಸಾಲಿನಲ್ಲಿ ಅವರ ಹಿಂದೆ ಓಡಿ ಕೇಳಿದೆ, ಯಾಕೆ ಸುಮ್ಮನಾದಿರಿ ಎಂದು.

"ತಮಾಷೆಗೇ ಶುರು ಮಾಡಿದ್ದೆ ಕಣೋ ಟೊಬಿಯಾಸ್. ಆ ಮಧ್ಯದ ಭಾಗ ತಮಾಷೆಯಾಗಿ ಉಳೀಲಿಲ್ಲ," ಎಂದರು. "ಅದನ್ನ ಬರೆದೋನು ನಾನೇನಾ? ಇಲ್ಲ, ಇಲ್ಲ... ಅಂದ್ರೆ ಹೌದು. ಆದ್ರೆ ನಂಗೆ ಅವನ ಪರಿಚಯ ಇಲ್ಲ."

ಆ ವರ್ಷ ಬೆಲ್‌ಕಾಂಪೊನ ಹೆಸರಿನಲ್ಲಿ ಇನ್ನೆರಡು ಸಿಂಫನಿಗಳು ಬಂದವು. ಒಂದು ವಾರ ರೈಫಾರ್ಟರು ಅವನನ್ನು ಸುಟ್ಟುಹಾಕುತ್ತೇನೆಂದು ಹಾಳೆಗಳೊಂದಿಗೆ ಒಲೆಯ ಬಳಿ ನಿಲ್ಲುತ್ತಿದ್ದರು, ಮರುವಾರ ಅವನಷ್ಟು ಚೆನ್ನಾಗಿ ತಮಗೆ ಬರೆಯಲು ಬಾರದೆಂದು ಕೊರಗುತ್ತಿದ್ದರು. ಇತ್ತ ಅವರದೇ ಹೆಸರಿನ ಪ್ರಾರ್ಥನಾಸಂಗೀತ ಅರಮನೆಯಲ್ಲಿ ತಿಂಗಳಿಗೊಮ್ಮೆಯಾಗಿ, ಹಬ್ಬಕ್ಕೊಮ್ಮೆಯಾಗಿ, ನಿಂತೇಹೋಯಿತು. ಆಮೇಲೆ ಒಂದು ಬೆಳಿಗ್ಗೆ ದೊರೆಗಳು ಅವರನ್ನು ಕರೆಸಿ, ಬೆಲ್‌ಕಾಂಪೊನನ್ನು ಮೇಳದ ಯಜಮಾನನಾಗಿ ಕರೆಸಿಕೊಳ್ಳುವುದೆಂದು ತೀರ್ಮಾನವಾಗಿದೆ, ರೈಫಾರ್ಟರು ಅವನ ಕೈಕೆಳಗೆ ಆರ್ಗನ್ ನೋಡಿಕೊಂಡಿರಬಹುದು, ಆಹ್ವಾನಪತ್ರವನ್ನು ಅವರೇ ಬರೆದರೆ ಗೌರವವಾಗಿರುತ್ತದೆ ಎಂದರು.

ತಮ್ಮ ಸ್ಥಾನಕ್ಕೆ ಬರಲು ತಮ್ಮನ್ನೇ ಕರೆಯುವ ಪತ್ರವನ್ನು ರೈಫಾರ್ಟರು ಬರೆದರು. ಎಂಟು ಸಲ ತಿದ್ದಿದರು. ಆರು ವಾರ ಬಿಟ್ಟು ಬೆಲ್‌ಕಾಂಪೊನ ಉತ್ತರವನ್ನೂ ಬರೆದರು: ಕಾಲಿನ ವಾತ, ಪ್ರಯಾಣ ಅಸಾಧ್ಯ, ಕ್ಷಮೆಯಿರಲಿ.

ಸಿಬಿಲ್ಲಮ್ಮ ಮುಲ್ಲಂಗಿ ಹೆಚ್ಚುತ್ತ ಕೇಳಿದರು: "ಏನ್ರೀ, ನಾಳೆ ಅವನು ವಾಸಿಯಾಗಿ ಬಂದೇಬಿಟ್ರೆ ಎಲ್ಲಿ ಮಲಗಿಸ್ಲಿ? ನಿಮ್ಮ ಪಕ್ಕದಲ್ಲೋ, ನಿಮ್ಮ ಜಾಗದಲ್ಲೋ?"

ರೈಫಾರ್ಟರು ಎದ್ದು ಕಿಟಕಿಯತ್ತ ಹೋದರು. ಆಕೆ ಚಾಕು ಕೆಳಗಿಟ್ಟು, "ಹೇಳ್ಬಿಡಿ ಅಂದ್ರೆ. ಇವತ್ತೇ ಹೋಗಿ ಹೇಳ್ಬಿಡಿ. ಬೈತಾರೆ, ಬೈಸ್ಕೊಳ್ಳಿ," ಎಂದರು. ಅಷ್ಟು ಸುಲಭವಾದ ಬುದ್ಧಿವಾದವನ್ನು ಆ ಮನುಷ್ಯ ಬದುಕಿನಲ್ಲಿ ಎಂದೂ ಪಾಲಿಸಿದವರಲ್ಲ.

ದೊರೆಗಳು ಬಿಡುವವರಲ್ಲ. ವೆನಿಸ್ಸಿಗೆ ಹೊರಟ ರಾಜದೂತನ ಕಾರ್ಯದರ್ಶಿಗೆ, ಹೋಗುವಾಗ ವಿಚೆಂಝಾದಲ್ಲಿಳಿದು ರೋಗಿಯನ್ನು ಮೆತ್ತೆಯ ಗಾಡಿಯಲ್ಲಿ ಕೂರಿಸಿಯಾದರೂ ಕರೆತರಬೇಕೆಂದು ಆಜ್ಞೆಯಾಯಿತು. ಅವನು ಹೊರಡುವುದು ಸಂತ ಮೈಕೇಲರ ಹಬ್ಬದ ಮರುದಿನ. ಹಬ್ಬದಂದು ಬೆಲ್‌ಕಾಂಪೊನ ನಾಲ್ಕನೆಯ ಸಿಂಫನಿ. ನೆರೆಯ ಸಂಸ್ಥಾನಗಳ ದೊರೆಗಳೂ ಅತಿಥಿಗಳಾಗಿ ಬಂದಿದ್ದರು.

ಆ ದಿನ ಬೆಳಿಗ್ಗೆ ರೈಫಾರ್ಟರು ಟೋಪಿಯಿಲ್ಲದೆ ನನ್ನ ಮನೆಗೆ ನುಗ್ಗಿ, ಕೊನೆಯ ಭಾಗದ ಎಲ್ಲ ಹಾಳೆಗಳನ್ನೂ ಕಿತ್ತುಕೊಂಡು ನನ್ನ ಮೇಜಿನ ಮೇಲೇ ಕೆರೆಯತೊಡಗಿದರು. "ಇಲ್ಲೊಂದು ಧ್ವನಿ ಒಳಗೆ ಬರ್ಬೇಕು ಅಂತಿದೆ, ನಾನು ಬಾಗಿಲು ಹಾಕ್ಕೊಂಡು ಕೂತಿದೀನಿ. ಎಷ್ಟು ದಿನ ಅಂತ ಹಾಕ್ಕೊಂಡಿರ್ಲಿ?" ನಾವು ನುಡಿಸಲು ಕುಳಿತಾಗ ಕೆಲವು ಹಾಳೆಗಳ ಮಸಿ ಇನ್ನೂ ಆರಿರಲಿಲ್ಲ.

ಕೊನೆಯ ಭಾಗ ಹಗುರಾದ ಕುಣಿತದಂತೆ ಹೊರಟಿತು. ನಡುವೆ ಎಲ್ಲಿಯೋ, ಯಾರಿಗೂ ತಿಳಿಯದಂತೆ, ನನ್ನ ವಿಯೋಲಾ ಆ ಕುಣಿತದ ರಾಗವನ್ನೇ ಅರ್ಧ ವೇಗದಲ್ಲಿ ಎತ್ತಿಕೊಂಡಿತು. ಎರಡನೆಯ ಪಿಟೀಲುಗಳು ನನ್ನ ಬೆನ್ನ ಹಿಂದೆ ಬಂದವು. ಆಮೇಲೆ ಮೊದಲ ಪಿಟೀಲುಗಳು, ಆಮೇಲೆ ಮಂದ್ರ. ಹೊಸ ಕಾಲದ ಬೆಳಕಿನಂಗಳದಲ್ಲಿ ಹಳೆಯ ಕಾಲದ ನಾಲ್ವರು ಕೈಕೈ ಹಿಡಿದು ಓಡಿದರು. ನಾನು ನುಡಿಸಿದ ಸಂಗೀತದಲ್ಲೆಲ್ಲ ಅಂಥದು ಇನ್ನೊಂದಿಲ್ಲ. ಮುಗಿದಾಗ ಅತಿಥಿಗಳು ಒಬ್ಬರ ಮುಖವನ್ನೊಬ್ಬರು ನೋಡಿಕೊಂಡರು.

"ಪಾಪ, ಬೆಲ್‌ಕಾಂಪೊಗೂ ನಮ್ಮೂರ ಗಾಳಿ ಬಡೀತು," ಎಂದ ಫೊನ್ ಟ್ರುಟ್ಸ್.

ದೊರೆಗಳು ನಗಲಿಲ್ಲ. "ಇದರಲ್ಲಿ ಕೈಯಾಡಿಸಿದ್ದು ಯಾರು?"

ರೈಫಾರ್ಟರು ಎದ್ದರು. "ಪ್ರಭುಗಳೇ, ಬೆಲ್‌ಕಾಂಪೊ ಅನ್ನೋ ಮನುಷ್ಯ ಇಲ್ಲ. ನಾಲ್ಕನ್ನೂ ನಾನೇ ಬರೆದದ್ದು."

ಹಜಾರದಲ್ಲಿ ನಗು ಎದ್ದಿತು. ಯಾರೂ ನಂಬಲಿಲ್ಲ. ಅಸೂಯೆಯಿಂದ ಮುದುಕನ ತಲೆ ಕೆಟ್ಟಿದೆ, ಒಬ್ಬನ ಕೃತಿ ಕೆಡಿಸಿದ್ದಲ್ಲದೆ ಅದನ್ನು ಕದಿಯಲೂ ಹೊರಟಿದ್ದಾನೆ ಎಂದೇ ಎಲ್ಲರೂ ತಿಳಿದರು. ದೊರೆಗಳು ತಣ್ಣಗೆ ಕೇಳಿದರು: "ಮೊದಲ ಸಿಂಫನಿಯ ಆ ನಿಧಾನದ ಭಾಗ ನಿಮ್ಮದು ಅಂತ ನಾನು ನಂಬಬೇಕಾ?" ಫೊನ್ ಟ್ರುಟ್ಸ್ ನನ್ನತ್ತ ತಿರುಗಿದ. "ಈ ನಕಲುಗಾರನಿಗೆ ಗೊತ್ತಿರ್ಬೇಕಲ್ಲ. ಹೇಳಯ್ಯ, ಇಟಲಿಯವನ ಕೈಬರಹ ನೀನು ನೋಡಿದೀಯೋ ಇಲ್ವೋ?"

ಹಜಾರದ ಕನ್ನಡಿಗಳಲ್ಲೆಲ್ಲ ನಾನೇ ಕಂಡೆ. ರೈಫಾರ್ಟರು ನನ್ನತ್ತ ನೋಡುತ್ತಿದ್ದರು, ಬೇಡುವವರಂತಲ್ಲ, ಮುಂದಿನ ಧ್ವನಿಗೆ ಸನ್ನೆ ಕೊಡುವಾಗ ನೋಡುವ ಹಾಗೆ. ನಾನು ಹೇಳಿದ್ದು ಇಷ್ಟು: "ನಾನು ನಕಲು ಮಾಡೋನು, ಸ್ವಾಮಿ. ಕೊಟ್ಟದ್ದನ್ನ ಬರೀತೀನಿ."

ಅವರು ತಲೆಯಾಡಿಸಿದರು, ಅದೇ ಉತ್ತರ ಸರಿಯೆಂಬಂತೆ. ಆಮೇಲೆ ಯಾರೂ ಹೇಳದೆಯೇ ಹಾರ್ಪ್ಸಿಕಾರ್ಡಿನ ಮುಂದೆ ಹೋಗಿ ಕುಳಿತರು.

ಅವರು ನುಡಿಸಿದ್ದು ನಾಲ್ಕರಲ್ಲಿ ಯಾವುದೂ ಅಲ್ಲ, ಆ ಗಳಿಗೆಯಲ್ಲಿ ಹುಟ್ಟಿದ್ದು. ಬಲಗೈಯಲ್ಲಿ ಆ ನಿಧಾನದ ಭಾಗದ ಒಡಹುಟ್ಟಿನಂಥ ಒಂದು ಸಾದಾ ರಾಗ, ಎಡಗೈಯಲ್ಲಿ ಬೇಕಾದಷ್ಟೇ ಸ್ವರ. ಆ ಮನುಷ್ಯನ ಮೈ ಸ್ಥಿರವಾಗಿದ್ದುದನ್ನು ನಾನು ಕಂಡದ್ದು ಅದೊಂದೇ ಸಲ: ಭುಜ ಅಲುಗಲಿಲ್ಲ, ಕಾಲು ನೆಲ ಬಡಿಯಲಿಲ್ಲ. ರಾಗ ಎರಡು ಸಲ ಬಂದಿತು, ಮೂರನೆಯ ಸಲ ಸ್ವಲ್ಪ ಬಾಗಿತು, ಅಲ್ಲಿಗೆ ಅವರು ಕೈ ತೆಗೆದರು.

"ಮುಂದೆ?" ಎಂದರು ದೊರೆಗಳು.

"ಮುಂದಿನದು ನನಗಿನ್ನೂ ಗೊತ್ತಿಲ್ಲ, ಪ್ರಭುಗಳೇ."

ಈಗ ಹಜಾರದಲ್ಲಿ ನಂಬದವರು ಯಾರೂ ಇರಲಿಲ್ಲ. ಆ ನಂಬಿಕೆಯೇ ರೈಫಾರ್ಟರಿಗೆ ಮುಳುವಾಯಿತು. ಕಳ್ಳನೆಂದೋ ಹುಚ್ಚನೆಂದೋ ತಿಳಿದಿದ್ದರೆ ದೊರೆಗಳು ಮರುಕಪಡುತ್ತಿದ್ದರೇನೋ. ಇಲ್ಲದ ಮನುಷ್ಯನಿಗಾಗಿ ವರ್ಷವಿಡೀ ಪತ್ರ ಬರೆಸಿದ್ದು, ಅವನ ವಾತಕ್ಕೆ ತೈಲ ಕಳಿಸಿದ್ದು, ಅತಿಥಿಗಳ ಮುಂದೆ ಅವನು ಇನ್ನೇನು ಬಂದೇಬಿಡುತ್ತಾನೆಂದು ಜಂಬ ಕೊಚ್ಚಿದ್ದು, ಇವೆಲ್ಲ ಒಮ್ಮೆಗೇ ನೆನಪಾಗಿ ಅವರ ಮುಖ ಕೆಂಪೇರಿತು. ಮರುದಿನವೇ ರೈಫಾರ್ಟರಿಗೆ ಅರಮನೆಯ ಬಾಗಿಲು ಮುಚ್ಚಿತು. ಹೊಸ ಯಜಮಾನನೊಬ್ಬ ಮಾನ್‌ಹೈಮ್‌ನಿಂದ ಬಂದ, ಜಾಣ, ಅಚ್ಚುಕಟ್ಟಿನವನು. ಬೆಲ್‌ಕಾಂಪೊನ ಸಿಂಫನಿಗಳನ್ನು ದೊರೆಗಳು ಬಿಡಲಿಲ್ಲ. ನಾಲ್ಕನೆಯದರ ಕೊನೆಯ ಭಾಗವನ್ನು ಮಾತ್ರ ಹೊಸಬ ಮೊಟಕುಗೊಳಿಸಿದ. ಮೊಟಕುಗೊಳಿಸಿದ ಹಾಳೆಗಳನ್ನು ನಕಲು ಮಾಡಿದವನು ನಾನು. ಮೇಲ್ಗಡೆ ಇಟಲಿಯವನ ಹೆಸರು ಬರೆದವನೂ ನಾನೇ.

ಊರಿನ ನೇಕಾರರು ಪ್ರಾರ್ಥನೆಗೆ ಸೇರುವ ಸಂತ ನಿಕೊಲಾಸ್ ಚರ್ಚಿನಲ್ಲಿ ಅವರಿಗೆ ಆರ್ಗನ್ನಿನ ಪೀಠ ಸಿಕ್ಕಿತು. ಮುಖ ತೋರಿಸಲು ನನಗೆ ನಾಲ್ಕು ತಿಂಗಳು ಹಿಡಿಯಿತು. ಒಂದು ಶನಿವಾರ ಸಂಜೆ ಮೆಟ್ಟಿಲು ಹತ್ತಿ ಹೋಗಿ, ಅಂದು ಹೇಳಬೇಕಾದದ್ದನ್ನು ಹೇಳಲಿಲ್ಲ, ತಪ್ಪಾಯಿತು ಎಂದೆ.

"ಇಲ್ಲ, ಇಲ್ಲ... ಅಂದ್ರೆ ಹೌದು," ಎಂದರು ರೈಫಾರ್ಟರು. "ಬೇಜಾರಾಯ್ತು. ತುಂಬ ಬೇಜಾರಾಯ್ತು ಕಣೋ." ಆಮೇಲೆ ಒಂದು ಹಾಳೆ ಎಳೆದು ನನ್ನ ಮುಂದೆ ಹಿಡಿದರು. "ಈ ಮೂರನೇ ಧ್ವನಿ ನೋಡು. ಇಲ್ಲಿ ಇದು ಸುಮ್ನಿರ್ಬೇಕೋ, ಮಾತಾಡ್ಬೇಕೋ?"

ನೇಕಾರರ ಆ ಸಭೆಗೆ ಅವರು ಬರೆದದ್ದರಲ್ಲಿ ಎರಡೂ ಇತ್ತು: ಸಾದಾ ರಾಗ, ಅದರ ಬೆನ್ನಟ್ಟುವ ಓಟ. ಯಾವುದೂ ಇನ್ನೊಂದನ್ನು ಪೂರ್ತಿ ಒಪ್ಪುತ್ತಿರಲಿಲ್ಲ. "ಮೇಷ್ಟ್ರೇ, ಒಂದ್ ಸಲ ಹಾಡಕ್ ಬಿಡ್ತೀರ, ಇನ್ನೊಂದ್ ಸಲ ಅಟ್ಟಿಸ್ಕೊಂಡ್ ಬರ್ತೀರ. ನಮಗೆ ಉಸಿರು ಬೇಡ್ವಾ?" ಎಂದು ನೇಕಾರರ ಹೆಂಗಸೊಬ್ಬಳು ಅವರನ್ನು ಬಾಗಿಲಲ್ಲೇ ತಡೆದು ಕೇಳಿದ್ದಳು. ಅವರು ಅದನ್ನು ಹೊಗಳಿಕೆಯೆಂದೇ ತೆಗೆದುಕೊಂಡರು. ಅರವತ್ತಮೂರನೆಯ ವಯಸ್ಸಿನಲ್ಲಿ ಹನ್ನೆರಡನೆಯ ಊರಿನ ಪರೀಕ್ಷೆಗೆಂದು ಏಪ್ರಿಲ್ ತಿಂಗಳ ಕೆಸರಿನಲ್ಲಿ ಹೊರಟವರು ಅರ್ಧ ದಾರಿಯ ಛತ್ರವೊಂದರಲ್ಲಿ ಜ್ವರದಿಂದ ಮಲಗಿ ಏಳಲಿಲ್ಲ. ಸಿಬಿಲ್ಲಮ್ಮ ಗಾಡಿ ಮಾಡಿಕೊಂಡು ಹೋಗಿ ಕರೆತಂದರು. "ಈಗಲಾದ್ರೂ ಒಂದ್ಕಡೆ ಇರಿ," ಎಂದು ಆಕೆ ಸಮಾಧಿಯ ಬಳಿ ಹೇಳಿದಾಗ ನಾವು ಯಾರೂ ತಲೆಯೆತ್ತಲಿಲ್ಲ.

ಕೆಲವು ವರ್ಷಗಳ ಮೇಲೆ ಲೈಪ್‌ಜಿಗ್‌ನ ಸಂತೆಯಲ್ಲಿ ಸ್ವರಲಿಪಿ ಮಾರುವವನೊಬ್ಬನ ಬಳಿ ಬೆಲ್‌ಕಾಂಪೊನ ಸಿಂಫನಿ ಸಿಕ್ಕಿತು. ಅದೇ ನಿಧಾನದ ಭಾಗ, ಅಂದವಾಗಿ ಅಚ್ಚಾಗಿತ್ತು. ಯಾರಿವನು ಎಂದೆ. ವಿಚೆಂಝಾದವನು, ಎಳೆಯ ವಯಸ್ಸಿಗೇ ತೀರಿಕೊಂಡ, ಬಹಳ ಮೃದು ಸ್ವಭಾವದವನಂತೆ ಎಂದ ಆತ. "ಅಲ್ಲ," ಎಂದೆ. "ಅವರ ಹೆಸರು ರೈಫಾರ್ಟ್. ನನಗೆ ಗೊತ್ತು, ನಾನು ಅವರ ನಕಲುಗಾರ." ಆ ವ್ಯಾಪಾರಿ ನನ್ನನ್ನು ಮೇಲೆ ಕೆಳಗೆ ನೋಡಿ ಮುಂದಿನ ಗಿರಾಕಿಯತ್ತ ತಿರುಗಿದ.

ಕಾಲ ಬದಲಾಗುವಾಗ ಹೆಚ್ಚಿನವರಿಗೆ ತೊಂದರೆಯಾಗುವುದಿಲ್ಲ. ಕೆಲವರು ಹಳೆಯದರ ಬಾಗಿಲಿಗೆ ಅಗುಳಿ ಹಾಕಿಕೊಂಡು ಬೆಚ್ಚಗಿರುತ್ತಾರೆ, ಕೆಲವರು ಹೊಸದರೊಳಕ್ಕೆ ಮೊನ್ನೆ ಹುಟ್ಟಿದವರಂತೆ ನಡೆದುಹೋಗುತ್ತಾರೆ. ಇಬ್ಬರಿಗೂ ರಾತ್ರಿ ನಿದ್ದೆ ಬರುತ್ತದೆ. ಇವರ ನಡುವೆ ಅಲ್ಲೊಬ್ಬರು ಇಲ್ಲೊಬ್ಬರು, ತಮ್ಮ ಕೈ ಪಳಗಿದ್ದನ್ನು ಬಿಡಲಾರದೆ, ತಾವು ಹಳಿದದ್ದರಲ್ಲೇ ಒಂದು ಸತ್ಯವನ್ನು ಕೇಳಿಸಿಕೊಂಡು ಅದನ್ನೂ ಕಿವಿಯಿಂದ ಹೊರಹಾಕಲಾರದೆ, ಆಯುಷ್ಯವಿಡೀ ಅತ್ತಿಂದಿತ್ತ ನಡೆಯುತ್ತಿರುತ್ತಾರೆ. ಅವರನ್ನು ಎರಡೂ ಕಡೆಯವರು ಪರಕೀಯರೆನ್ನುತ್ತಾರೆ, ಅವರ ಕೆಲಸಕ್ಕೆ ಬೇರೆಯವರ ಹೆಸರು ಬೀಳುತ್ತದೆ. ಆದರೆ ಒಂದು ಕಾಲದಿಂದ ಇನ್ನೊಂದಕ್ಕೆ ದಾರಿಯೆಂಬುದು ಬಿದ್ದಿದ್ದರೆ ಅದು ಇಂಥವರು ನಡೆದು ನಡೆದು ಹುಲ್ಲು ಸವೆದ ಜಾಗದಲ್ಲೇ. ನೆಮ್ಮದಿಯಾಗಿ ಕುಳಿತ ನಮ್ಮಂಥವರು ಆಮೇಲೆ ಆ ದಾರಿಯಲ್ಲಿ ಕಾಲಿಗೆ ಕೆಸರಾಗದಂತೆ ದಾಟಿಹೋಗುತ್ತೇವೆ.